ಎಂಟು ತಾಸಿನ ಲೆಕ್ಕ

ನಮ್ಮ ಅಟ್ಟದ ಮೇಲೆ ಅಪ್ಪನ ಕಾಲದಿಂದ ಕೂಡಿಟ್ಟ ಲೆಕ್ಕದ ವಹಿಗಳಿವೆ. ಅಪ್ಪನವು ಕೆಂಪು ಅರಿವೆ ಸುತ್ತಿದ ಉದ್ದನೆಯವು. ನನ್ನವು ಅಣ್ಣಿಗೇರಿ ಪೇಟೆಯಲ್ಲಿ ಕೊಂಡ ಇನ್ನೂರು ಪುಟದ ನೋಟ್‌ಬುಕ್ಕುಗಳು. ಆಳಿನ ಪಗಾರ, ಬೀಜ, ಗೊಬ್ಬರ, ಡೀಸೆಲ್, ಹೆಸರು ಯಾವ ಧಾರಣಿಗೆ ಹೋಯಿತು, ಕಡಲೆ ಎಷ್ಟು ಚೀಲ ಆಯಿತು, ಎಲ್ಲ ಅವುಗಳಲ್ಲಿದೆ. 2009ರದ್ದರಲ್ಲಿ ಮಾತ್ರ ನಡುಮಧ್ಯದ ಒಂದು ಹಾಳೆ ಇಲ್ಲ. ಹರಿದವನು ನಾನೇ. ನಡುವಿನ ಹಾಳೆ ಕಿತ್ತರೆ ಅದರ ಜೋಡಿ ಹಾಳೆ ಸಡಿಲಾಗುತ್ತದೆ ಎಂಬುದು ಆಗ ತಲೆಗೆ ಹೊಳೆಯಲಿಲ್ಲ. ಆ ಜೋಡಿ ಹಾಳೆ ಈಗಲೂ ಉಳಿದವಕ್ಕಿಂತ ಒಂದು ಬೆರಳು ಹೊರಗೆ ಚಾಚಿಕೊಂಡಿದೆ. ಅದರ ಮೇಲೆ ನನ್ನ ಅಕ್ಷರದಲ್ಲಿ ‘ಡೀಸೆಲ್, 2 ಕ್ಯಾನ್’ ಎಂದಿದೆ. ಒಂದೇ ರಾತ್ರಿಗೆ ಎರಡು ಕ್ಯಾನ್ ಡೀಸೆಲ್ ಎಲ್ಲಿ ಹೋಯಿತು ಎಂದು ಯಾರಾದರೂ ಕೇಳಿದ್ದರೆ ನಾನು ಅಂದೇ ಸಿಕ್ಕಿಬೀಳುತ್ತಿದ್ದೆ. ಯಾರೂ ಕೇಳಲಿಲ್ಲ.

ಹರಿದ ಹಾಳೆಯ ಮೇಲೆ ಇದ್ದದ್ದು ಬಹಳವೇನಲ್ಲ. ಡ್ರೈವರನ ಹೆಸರು, ‘ರಾತ್ರಿ ಕುಂಟಿ, 8 ತಾಸು’, ಅದರ ಮುಂದೆ ಕೊಡಬೇಕಾದ ರೊಕ್ಕ. ಕೆಳಗೆ, ‘ಮುಂಜಾನೆ ಆಳು ತರೂದು, 1 ಟ್ರಿಪ್’.

ಎರಿ ಹೊಲದ ಅವಸರ ಎರಿ ಹೊಲದವರಿಗೇ ಗೊತ್ತು. ನವಲಗುಂದ, ಅಣ್ಣಿಗೇರಿ ಕಡೆಯ ಕರಿಮಣ್ಣು ಒಣಗಿದರೆ ಕಲ್ಲು, ನೆನೆದರೆ ಅಂಟು. ನಡುವೆ ಎರಡು ಮೂರು ದಿನ ಹದ ಇರುತ್ತದೆ. ಅಷ್ಟರಲ್ಲಿ ಹರಗಿದವನು ಹಿಂಗಾರಿ ಬಿತ್ತುತ್ತಾನೆ, ಉಳಿದವರು ಕಟ್ಟೆಯ ಮೇಲೆ ಕೂತು ಮಾತಾಡುತ್ತಾರೆ. ಆ ವರ್ಷ ಗಣಪತಿ ಕಳಿಸಿದ ವಾರದಲ್ಲಿ ನನ್ನ ಒಂದು ಹೊಲ ಹದಕ್ಕೆ ಬಂದಿತ್ತು, ಇನ್ನೊಂದರಲ್ಲಿ ಹೆಸರಿನ ಕಾಯಿ ಕರ್ರಗಾಗಿ ನಿಂತಿದ್ದವು. ಪಡುವಣದಲ್ಲಿ ಮೋಡ. ಟ್ರ್ಯಾಕ್ಟರ್ ಒಂದು, ಡ್ರೈವರ್ ಒಬ್ಬ. ರಾತ್ರಿಯಿಡೀ ಕುಂಟಿ ಹೊಡೆಸಿ, ಮುಂಜಾನೆ ಅದೇ ಟ್ರ್ಯಾಕ್ಟರಿಗೆ ಟ್ರೇಲರ್ ಹೂಡಿ, ಆರು ಕಿಲೋಮೀಟರ್ ಆಚೆಯ ಊರಿನಿಂದ ಹೆಸರು ಬಿಡಿಸುವ ಹೆಣ್ಣಾಳುಗಳನ್ನು ತರಿಸುವುದು ನನ್ನ ಯೋಜನೆ. ಕಾಗದದ ಮೇಲೆ ಅದರಲ್ಲಿ ಯಾವ ತಪ್ಪೂ ಇರಲಿಲ್ಲ.

ಬೆಳಗಿನ ಜಾವ ನಾಲ್ಕರ ಸುಮಾರಿಗೆ ಫೋನ್ ಬಂತು.

“ಗೌಡ್ರ, ಕುಂಟಿ ಮುಗೀತ್ರಿ. ಕಣ್ಣ ಮುಚ್ಚಾಕತ್ತಾವು. ಒಂದೆರಡ ತಾಸ ಅಡ್ಡ ಆಗ್ತೇನ್ರಿ.”

“ಮೋಡ ನೋಡಿಯೇನ? ಮಳಿ ಹಿಡದ್ರ ಹೆಸರು ಗಿಡದಾಗಽ ಮೊಳಕಿ ಒಡೀತಾವು. ಇದೊಂದ ಟ್ರಿಪ್ ಹಾಕು, ಆಮ್ಯಾಲ ಸಂಜೀತನಕ ಮಲಕ್ಕೊ.”

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ “ಹ್ಞೂಂ ರಿ” ಅಂದ.

ಫೋನ್ ಇಟ್ಟು ನಾನು ನೋಟ್‌ಬುಕ್ ತೆಗೆದು ತಾಸು ಬರೆದೆ. ಲೆಕ್ಕದಲ್ಲಿ ನಾನು ಶಿಸ್ತಿನ ಮನುಷ್ಯ.

ಆರೂಕಾಲಕ್ಕೆ, ಹಳ್ಳದ ಸಿಡಿಯ ಹತ್ತಿರ ರಸ್ತೆ ತುಸು ಎಡಕ್ಕೆ ಹೊರಳುವಲ್ಲಿ ಟ್ರ್ಯಾಕ್ಟರ್ ಹೊರಳಲಿಲ್ಲ, ನೆಟ್ಟಗೆ ಹೋಯಿತು. ಟ್ರ್ಯಾಕ್ಟರಿನ ಮುಂಗಾಲಿ ಕೆಸರಲ್ಲಿ ಹೂತು ನಿಂತಿತು, ಟ್ರೇಲರ್ ಮಗುಚಿತು. ಒಳಗೆ ಹದಿನಾಲ್ಕು ಮಂದಿ ಹೆಣ್ಣುಮಕ್ಕಳು. ನಾನು ಮೋಟರ್ ಸೈಕಲ್ ಮೇಲೆ ಹೋಗಿ ಮುಟ್ಟುವಷ್ಟರಲ್ಲಿ ಊರವರು ಟ್ರೇಲರ್ ಎತ್ತಿದ್ದರು. ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಮನುಷ್ಯರಲ್ಲ. ಬುತ್ತಿಯ ಗಂಟುಗಳು ಬಿಚ್ಚಿಹೋಗಿ ಬಿಳಿಜೋಳದ ರೊಟ್ಟಿಗಳು ಕರಿ ಕೆಸರಿನ ಮೇಲೆ ಗುಂಡಗೆ, ಬೆಳ್ಳಗೆ ಬಿದ್ದಿದ್ದವು. ಯಾರೋ ಎಣಿಸಿ ಹರವಿಟ್ಟ ಹಾಗೆ. ಆಮೇಲೆ ಟ್ರೇಲರಿನ ಅಂಚಿಗೆ ಸಿಕ್ಕ ಒಬ್ಬಾಕೆಯ ಕಾಲು ಕಂಡಿತು. ಡ್ರೈವರ್ ತಲೆಯ ಮೇಲೆ ಕೈ ಹೊತ್ತು ಕುಕ್ಕರಗಾಲಲ್ಲಿ ಕೂತಿದ್ದ. ನನ್ನನ್ನು ನೋಡಿ ಎದ್ದು ನಿಂತ. ಏನೋ ಹೇಳುತ್ತಾನೆ ಅಂದುಕೊಂಡೆ. ಹೇಳಲಿಲ್ಲ.

ಪೊಲೀಸರು ಬರುವ ಮೊದಲೇ ಪರಿಚಯದ ವಕೀಲರೊಬ್ಬರಿಗೆ ಫೋನ್ ಮಾಡಿದೆ. ಟ್ರೇಲರಿನಲ್ಲಿ ಮಂದಿ ಕೂಡಿಸಿದರೆ ವಿಮೆ ಬರುವುದಿಲ್ಲ, ಎಲ್ಲ ನಿಮ್ಮ ಮೈಮೇಲೆಯೇ ಬೀಳುತ್ತದೆ ಎಂದರು. ಒಂದು ಉಸಿರು ಬಿಟ್ಟು, “ನಿಮಗ ಹೇಳಲಾರದ ಒಯ್ದಿದ್ರ ಮಾತು ಬ್ಯಾರೆ” ಅಂದರು. ಸುಳ್ಳು ಹೇಳಿ ಎಂದು ಅವರು ಹೇಳಲಿಲ್ಲ. ದಾರಿ ತೋರಿಸಿದರು, ನಡೆದವನು ನಾನು.

“ಟ್ರ್ಯಾಕ್ಟರ್ ಹೊಲದಾಗ ನಿಲ್ಲಿಸಿ ಮನೀಗೆ ಹೋಗು ಅಂತ ಸಂಜೀಕಽ ಹೇಳಿದ್ದೆ ಸಾಹೇಬ್ರ. ಹೆಣ್ಮಕ್ಕಳನ್ನ ಯಾಕ ಹತ್ತಿಸಿಕೊಂಡಾನೋ ನನಗ ಗೊತ್ತಿಲ್ಲ.”

ಡ್ರೈವರ್ ಎರಡು ಮಾರು ದೂರದಲ್ಲಿ ನಿಂತಿದ್ದ. ಅವನಿಗೆ ಕೇಳಿಸಿರಬೇಕು. ಫಿರ್ಯಾದಿಯಲ್ಲಿ ಎಲ್ಲ ಫಿರ್ಯಾದಿಗಳಲ್ಲಿ ಬರುವ ಮಾತೇ ಬಂತು: ಅತೀ ಜೋರಿನಿಂದ ಹಾಗೂ ನಿಷ್ಕಾಳಜಿತನದಿಂದ ಮಾನವ ಜೀವಕ್ಕೆ ಅಪಾಯವಾಗುವ ರೀತಿಯಲ್ಲಿ ನಡೆಸಿಕೊಂಡು ಬಂದು. ಟ್ರೇಲರ್ ಹೂಡಿದ ಹಳೆಯ ಟ್ರ್ಯಾಕ್ಟರ್, ಎರಿ ಕೆಸರಿನ ರಸ್ತೆಯಲ್ಲಿ ಎಷ್ಟು ಜೋರು ಹೋದೀತು ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆ ಸಾಲಿಗೆ ಗೊತ್ತಿರಬೇಕೆಂದೇನಿಲ್ಲ. ಅಂದು ರಾತ್ರಿ ಹಾಳೆ ಹರಿದು ಒಲೆಗೆ ಹಾಕಿದೆ.

ಎಂಟು ತಿಂಗಳ ನಂತರ, 2010ರ ಮೇ 22ರ ಮುಂಜಾನೆ, ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ರನ್‌ವೇ ದಾಟಿ ಕೊಳ್ಳಕ್ಕೆ ಬಿತ್ತು. ಒಳಗಿದ್ದ 166 ಮಂದಿಯಲ್ಲಿ 158 ಮಂದಿ ಸತ್ತರು. ಇಡೀ ದಿನ ಟಿವಿಯ ಮುಂದೆ ಕೂತಿದ್ದೆ. ಆರು ಗಂಟೆಯ ಆಸುಪಾಸು ಎಂದು ಟಿವಿಯವರು ಹೇಳಿದಾಗ ನನ್ನ ಹೊಟ್ಟೆಯಲ್ಲಿ ಏನೋ ತೊಳಸಿದಂತಾಯಿತು. ಅದಕ್ಕೆ ಬೇರೇನೋ ಕಾರಣ ಕೊಟ್ಟುಕೊಂಡೆ.

ಕಾರಣ ತಪ್ಪಿಸಿಕೊಳ್ಳಲು ಆಗದ ದಿನ ನವೆಂಬರಿನಲ್ಲಿ ಬಂತು. ಏರ್ ಮಾರ್ಷಲ್ ಬಿ.ಎನ್. ಗೋಖಲೆಯವರ ತನಿಖೆಯ ಸಂಗತಿಗಳು ಪತ್ರಿಕೆಯಲ್ಲಿ ಬಂದವು. ಕ್ಯಾಪ್ಟನ್ ಜ್ಲಾಟ್ಕೋ ಗ್ಲುಶಿತ್ಸ ನಿದ್ದೆ ಹೋಗಿದ್ದರಂತೆ. ಕಾಕ್‌ಪಿಟ್ಟಿನ ಧ್ವನಿಮುದ್ರಣ ಎರಡು ತಾಸು ಚಿಲ್ಲರೆ. ಅದರ ಮೊದಲ ಒಂದು ತಾಸು ನಲವತ್ತು ನಿಮಿಷದಷ್ಟು ಹೊತ್ತು ಮಾತೇ ಇಲ್ಲ, ಗೊರಕೆಯ ಸದ್ದು ಕೇಳುತ್ತದೆ. ಅಣ್ಣಿಗೇರಿಯ ಚಹಾದಂಗಡಿಯಲ್ಲಿ ಯಾರೋ ಅದನ್ನು ಜೋರಾಗಿ ಓದಿದರು. “ನೂರೈವತ್ತ ಮಂದೀನ ಹಿಂದ ಕೂಡಿಸಿಕೊಂಡು ಮಲಗ್ಯಾನಲ್ಲೋ!” ಎಂದು ಒಬ್ಬ. ನಾನೂ ಸೇರಿಕೊಂಡೆ. ನಾನು ಅಂದದ್ದು ನೆನಪಿದೆ: “ಇಂಥಾವ್ರನ್ನ ಯಾರು ಡ್ಯೂಟೀಗೆ ಹಾಕ್ತಾರೋ!” ಅಂದು ಕಪ್ಪು ಕೆಳಗಿಟ್ಟೆ. ಹಾಕಿದವರು ಯಾರು ಎಂಬ ಪ್ರಶ್ನೆ ನನ್ನ ಬಾಯಿಂದಲೇ ಬಂದಿತ್ತು. ಅಂಗಡಿಯಲ್ಲಿ ಯಾರಿಗೂ ಅದು ಪ್ರಶ್ನೆಯಂತೆ ಕೇಳಿಸಲಿಲ್ಲ.

ಬಹಳ ವರ್ಷದ ಮೇಲೆ ಮಗನಿಗೆ ಹೇಳಿ ಆ ವರದಿಯನ್ನು ತರಿಸಿಕೊಂಡು ಓದಿದೆ. ನನ್ನಂಥ ಒಕ್ಕಲಿಗನಿಗೆ ಅರ್ಥವಾಗದ್ದು ಅದರಲ್ಲಿ ಬಹಳಿದೆ. ಅರ್ಥವಾದದ್ದನ್ನು ಮಾತ್ರ ಹೇಳುತ್ತೇನೆ. ತಪ್ಪು ಕ್ಯಾಪ್ಟನ್ನರದ್ದೇ ಎಂದು ವರದಿ ಹೇಳುತ್ತದೆ, ಅದರಲ್ಲಿ ಅನುಮಾನವಿಲ್ಲ. ವಿಮಾನ ಇರಬೇಕಾದ್ದಕ್ಕಿಂತ ಎತ್ತರದಲ್ಲಿತ್ತು. ಸಹಪೈಲಟ್ ಎಚ್.ಎಸ್. ಅಹ್ಲುವಾಲಿಯಾ ಮೂರು ಸಲ ಇಳಿಯುವುದು ಬೇಡ, ಮೇಲೇರಿ ಮತ್ತೆ ಬರೋಣ ಎಂದರು. ಯಂತ್ರವೂ ಎಚ್ಚರಿಸುತ್ತಿತ್ತು. ಕ್ಯಾಪ್ಟನ್ ಇಳಿಸಿದರು, ರನ್‌ವೇ ಶುರುವಾದಲ್ಲಿಂದ ಸುಮಾರು 5200 ಅಡಿ ದಾಟಿದ ಮೇಲೆ ಗಾಲಿ ನೆಲ ಮುಟ್ಟಿತು. ಇದೆಲ್ಲ ನಿಜ. ಆದರೆ ಅದೇ ವರದಿಯಲ್ಲಿ ಇನ್ನಷ್ಟು ಇದೆ. ಮಂಗಳೂರಿನ ರೇಡಾರ್ ಆಗ ಕೆಟ್ಟಿತ್ತು, ಹಾಗಾಗಿ ವಿಮಾನಕ್ಕೆ ಕೆಳಗಿಳಿಯಲು ಅನುಮತಿ ಎಂದಿಗಿಂತ ತಡವಾಗಿ, ಹತ್ತಿರಕ್ಕೆ ಬಂದ ಮೇಲೆ ಸಿಕ್ಕಿತು. ಸಹಪೈಲಟ್ ಯಾವಾಗ ತಾನೇ ಕೈಹಾಕಿ ವಿಮಾನ ಎತ್ತಬಹುದು ಎಂಬ ಬಗ್ಗೆ ನಿಯಮಗಳೇ ಗೊಂದಲದಲ್ಲಿದ್ದವು. ಅವರು ಹೇಳಿದರು, ಕೈ ಹಾಕಲಿಲ್ಲ. ಮನುಷ್ಯನ ಮೈ ಎಷ್ಟು ಹೊಡೆದೆಬ್ಬಿಸಿದರೂ ನಿದ್ದೆಗೇ ಜಾರುವ ಹೊತ್ತು ಬೆಳಗಿನ ಜಾವ ಎಂಬುದನ್ನೂ ಅದರಲ್ಲಿ ಚರ್ಚಿಸಿದ್ದಾರೆ. ಕ್ಯಾಪ್ಟನ್‌ಗೆ ಹಾರಾಟಕ್ಕೆ ಮೊದಲು ಸಾಕಷ್ಟು ವಿಶ್ರಾಂತಿ ಸಿಕ್ಕಿತ್ತು ಎಂದೂ ಹೇಳಿದ್ದಾರೆ. ಅಲ್ಲಿಗೆ ಬಂದಾಗ ನಾನು ಓದುವುದನ್ನು ನಿಲ್ಲಿಸಿದೆ. ನನ್ನ ಡ್ರೈವರನ ಬಗ್ಗೆ ಆ ಮಾತನ್ನೂ ಯಾರೂ ಬರೆಯುವಂತಿರಲಿಲ್ಲ.

ಇಲ್ಲಿ ನನ್ನ ವಂಚನೆಯ ರೀತಿ ನನಗೆ ತಿಳಿಯಿತು. ಡ್ರೈವರ್ ತೂಕಡಿಸಿದ್ದು ನಿಜ. ಸ್ಟೇರಿಂಗ್ ಅವನ ಕೈಯಲ್ಲಿದ್ದದ್ದು ನಿಜ. ನಾನು ಆ ಎರಡು ನಿಜಗಳನ್ನು ಮುಂದೆ ನಿಲ್ಲಿಸಿ, ಅವುಗಳ ಬೆನ್ನ ಹಿಂದೆ ನನ್ನ ನಾಲ್ಕು ಗಂಟೆಯ ಫೋನನ್ನು ಬಚ್ಚಿಟ್ಟೆ. ಬರೀ ಸುಳ್ಳಾಗಿದ್ದರೆ ಇಷ್ಟು ವರ್ಷ ಬಾಳುತ್ತಿರಲಿಲ್ಲ.

2020ರ ಆಗಸ್ಟ್ 7ರಂದು ಕೋಯಿಕ್ಕೋಡಿನಲ್ಲಿ ಮಳೆಯಲ್ಲಿ ವಿಮಾನ ರನ್‌ವೇ ದಾಟಿ ಬಿದ್ದು 21 ಮಂದಿ ಸತ್ತರು, ಇಬ್ಬರೂ ಪೈಲಟ್‌ಗಳು ಸೇರಿ. ಆ ವರದಿಯೂ ಪೈಲಟ್ ನಿಯಮ ಪಾಲಿಸಲಿಲ್ಲ ಎಂದೇ ಶುರುವಾಗುತ್ತದೆ. ಒಳಗೆ ಹೋದರೆ ಇನ್ನೊಂದು ಸಂಗತಿ ಇದೆ: ಕ್ಯಾಪ್ಟನ್ ದೀಪಕ್ ಸಾಠೆಯವರಿಗೆ ಮರುದಿನ ಬೆಳಿಗ್ಗೆ ಅಲ್ಲಿಂದಲೇ ಇನ್ನೊಂದು ಹಾರಾಟಕ್ಕೆ ಪಾಳಿ ಹಾಕಿದ್ದರು, ಅಲ್ಲಿ ಕ್ಯಾಪ್ಟನ್ನರ ಕೊರತೆ ಇತ್ತು. ಬೇರೆ ಊರಿಗೆ ಹೋಗಿ ಇಳಿದರೆ ಬೆಳಗಿನ ಪಾಳಿ ತಪ್ಪುತ್ತದೆ. ನಾನು ‘1 ಟ್ರಿಪ್’ ಎಂದು ಬರೆದಿದ್ದೆನಲ್ಲ, ದೊಡ್ಡ ಕಂಪನಿಯಲ್ಲಿ ಅದಕ್ಕೆ ರೋಸ್ಟರ್ ಎನ್ನುತ್ತಾರೆ.

ನನ್ನನ್ನು ಮಾತ್ರ ಬಹಳ ಕಾಡಿದ್ದು ನಮ್ಮ ನಾಡಿನದಲ್ಲ. 1979ರ ನವೆಂಬರ್ 28ರಂದು ಏರ್ ನ್ಯೂಜಿಲೆಂಡಿನ ವಿಮಾನವೊಂದು ಮಂದಿಗೆ ಅಂಟಾರ್ಟಿಕಾ ತೋರಿಸಲು ಹೋಗಿ ಎರೆಬಸ್ ಪರ್ವತಕ್ಕೆ ಬಡಿಯಿತು. 257 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಮೊದಲ ತನಿಖೆ ಪೈಲಟ್ ಕೆಳಗೆ ಹಾರಿಸಿದರು, ತಾವೆಲ್ಲಿದ್ದೇವೆಂದು ಖಾತ್ರಿ ಮಾಡಿಕೊಳ್ಳದೆ ಮುಂದುವರಿದರು ಎಂದಿತು. ಆಮೇಲೆ ನ್ಯಾಯಮೂರ್ತಿ ಪೀಟರ್ ಮಾಹನ್ ಅವರ ಆಯೋಗ ಕೂತು, 1981ರಲ್ಲಿ ಹೊರಗೆಳೆದದ್ದು ಬೇರೆ. ಹಾರಾಟದ ಹಿಂದಿನ ರಾತ್ರಿ ಕಂಪನಿಯವರು ವಿಮಾನದ ಕಂಪ್ಯೂಟರಿಗೆ ಹೋಗುವ ದಾರಿಯ ಅಂಕಿಗಳನ್ನು ಬದಲಿಸಿದ್ದರು, ಪೈಲಟ್‌ಗೆ ಹೇಳಿರಲಿಲ್ಲ. ಕ್ಯಾಪ್ಟನ್ ಜಿಮ್ ಕಾಲಿನ್ಸ್ ತಾನು ಬಯಲಿನ ಮೇಲಿದ್ದೇನೆ ಅಂದುಕೊಂಡಿದ್ದರು, ವಿಮಾನ ಪರ್ವತಕ್ಕೆ ಮುಖ ಮಾಡಿತ್ತು. ಅಪಘಾತವಾದ ಮೇಲೆ ಹೆಚ್ಚುವರಿ ಕಾಗದಗಳನ್ನು ನಾಶಮಾಡಲು ಕಂಪನಿಯ ಮುಖ್ಯಸ್ಥರೇ ಹೇಳಿದ್ದರು. ಆಡಳಿತದವರ ಸಾಕ್ಷ್ಯವನ್ನು ಮಾಹನ್ ಹೊಂದಿಸಿಟ್ಟ ಸುಳ್ಳುಗಳ ಸಾಲೆಂದರು. ಆ ಮಾತನ್ನು ಹೇಳುವ ಮುಂಚೆ ಆರೋಪ ಹೊತ್ತವರಿಗೆ ಉತ್ತರಿಸಲು ಅವಕಾಶ ಕೊಡಬೇಕಿತ್ತೆಂದು ಮೇಲಿನ ನ್ಯಾಯಾಲಯಗಳು ತಪ್ಪು ಹಿಡಿದವು, ಅದೂ ಸರಿಯೇ. ಸರಕಾರ ಕ್ಷಮೆ ಕೇಳಲು 2019 ಬರಬೇಕಾಯಿತು, ನಲವತ್ತು ವರ್ಷ.

ಅದರಲ್ಲಿ ಒಂದು ಸಣ್ಣ ಸಂಗತಿ ಇದೆ. ಕಾಲಿನ್ಸ್ ಅವರ ಟಿಪ್ಪಣಿ ಪುಸ್ತಕ ಹಿಮದಲ್ಲಿ ಸಿಕ್ಕಿತ್ತು. ಹೆಂಡತಿಯ ಕೈಗೆ ಬಂದಾಗ ಅದರಲ್ಲಿ ಹಾಳೆಗಳಿರಲಿಲ್ಲ. ಯಾರು ತೆಗೆದರು ಎಂಬುದು ಇತ್ಯರ್ಥವಾಗಲಿಲ್ಲ. ಓದಿದ ದಿನ ಅಟ್ಟ ಹತ್ತಿ 2009ರ ನೋಟ್‌ಬುಕ್ ಇಳಿಸಿದೆ. ಹೆಂಡತಿ, “ಏನ ಹುಡುಕಾಕತ್ತೀರಿ?” ಎಂದಳು. ಹಳೆಯ ಧಾರಣಿ ನೋಡಬೇಕಿತ್ತು ಎಂದೆ. ಎಷ್ಟು ಸರಾಗವಾಗಿ ಬಂತು ನೋಡಿ ಸುಳ್ಳು.

ನಾನು ಮಾಡಿದ್ದರ ಫಲ ಏನಾಯಿತು ಎಂಬುದನ್ನೂ ಹೇಳಬೇಕು. ಡ್ರೈವರನ ಮೇಲೆ ಕೇಸ್ ಆಯಿತು, ಎರಡು ವರ್ಷ ಕೋರ್ಟಿಗೆ ಅಲೆದ. ಕೊನೆಗೆ ತಪ್ಪೊಪ್ಪಿಕೊಂಡು ದಂಡ ಕಟ್ಟಿದ. ಆ ದಂಡದ ರೊಕ್ಕ ನಾನೇ ಕೊಟ್ಟೆ. ಕಾಲು ಮುರಿದಾಕೆಯ ಹುಬ್ಬಳ್ಳಿ ಆಸ್ಪತ್ರೆಯ ಖರ್ಚನ್ನೂ ಕೊಟ್ಟೆ. “ಗೌಡ್ರದು ತಪ್ಪಿಲ್ಲದಿದ್ರೂ ಕೊಟ್ರು” ಎಂದು ಎರಡೂ ಊರಲ್ಲಿ ನನಗೆ ಹೆಸರು ಬಂತು. ಕೊಟ್ಟದ್ದು ನಿಜವಾದ್ದರಿಂದ ಆ ಹೆಸರನ್ನು ನಾನು ಒಪ್ಪಿಕೊಂಡೆ. ಆಮೇಲೆ ಅವನು ಕುಡಿದಿದ್ದನಂತೆ ಎಂಬ ಮಾತು ಹುಟ್ಟಿತು. ಅದನ್ನು ಹುಟ್ಟಿಸಿದವನು ನಾನಲ್ಲ. ಅವನು ಅಡಿಕೆಯನ್ನೂ ಮುಟ್ಟದವನು ಎಂದು ಗೊತ್ತಿದ್ದ ಇಡೀ ಊರಿನ ಒಬ್ಬನೇ ಯಜಮಾನ ನಾನು, ಬಾಯಿ ಬಿಡಲಿಲ್ಲ. ಅವನನ್ನು ಮತ್ತೆ ಯಾರೂ ಸ್ಟೇರಿಂಗ್ ಮೇಲೆ ಕೂಡಿಸಲಿಲ್ಲ. ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ಗೋವೆಗೆ ಹೋದ, ಕಟ್ಟಡದ ಕೆಲಸಕ್ಕೆ.

ನಡುವೆ 2015ರಲ್ಲಿ ನವಲಗುಂದದಲ್ಲಿ ಮಹದಾಯಿ ನೀರಿಗಾಗಿ ಧರಣಿ ಕೂತಾಗ ನಾನೂ ಒಂದು ಭಾಷಣ ಮಾಡಿದೆ. ಮೇಲೆ ಕೂತವರು ತಮ್ಮ ತಪ್ಪನ್ನು ಕೆಳಗಿನವರ ತಲೆಗೆ ಕಟ್ಟುತ್ತಾರೆ ಎಂದೆ. ಚಪ್ಪಾಳೆ ಬಿತ್ತು. ಅದೇ ವರ್ಷ ಮಾರ್ಚಿನಲ್ಲಿ ಹುಬ್ಬಳ್ಳಿಗೆ ಬಂದ ವಿಮಾನವೊಂದು ಮಳೆಯಲ್ಲಿ ರನ್‌ವೇ ಬಿಟ್ಟು ಪಕ್ಕಕ್ಕೆ ಹೋಗಿ ಕೂತಿತ್ತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ನಮ್ಮ ಕಟ್ಟೆಯ ಮೇಲೆ ತೀರ್ಪು ಅರ್ಧ ತಾಸಿನಲ್ಲಿ ಬಂತು: ಡ್ರೈವರಗ ನಿಗಾ ಇರಲಿಲ್ಲ. ವಿಮಾನ ನಡೆಸುವವರನ್ನು ನಮ್ಮಲ್ಲಿ ಇನ್ನೂ ಡ್ರೈವರ್ ಎಂದೇ ಅನ್ನುವುದು. ಅದು ತಪ್ಪಾದ ಮಾತು ಎಂದು ಈಗ ನನಗೆ ಅನ್ನಿಸುವುದಿಲ್ಲ.

ಕಳೆದ ವರ್ಷ, 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ವಿಮಾನ ಬಿತ್ತು. ಮೇಲಿದ್ದವರು, ಕೆಳಗಿದ್ದವರು ಸೇರಿ 260 ಮಂದಿ ಹೋದರು. ಒಂದು ತಿಂಗಳಿಗೆ ಪ್ರಾಥಮಿಕ ವರದಿ. ಎಂಜಿನ್ನಿಗೆ ಇಂಧನ ಬಿಡುವ ಸ್ವಿಚ್ಚುಗಳು ಒಂದರ ಹಿಂದೊಂದು ಬಂದ್ ಆದವು. ಯಾಕೆ ಬಂದ್ ಮಾಡಿದೆ ಎಂದು ಒಬ್ಬ ಪೈಲಟ್ ಕೇಳಿದ, ನಾನು ಮಾಡಿಲ್ಲ ಎಂದು ಇನ್ನೊಬ್ಬ ಹೇಳಿದ. ಯಾರು ಕೇಳಿದರು, ಯಾರು ಹೇಳಿದರು ಎಂಬುದು ಅದರಲ್ಲಿರಲಿಲ್ಲ. ಆ ಎರಡು ಮಾತು ಜಗತ್ತಿಗೆಲ್ಲ ಸಾಕಾಯಿತು. ಕ್ಯಾಪ್ಟನ್ ಸುಮೀತ್ ಸಭರ್ವಾಲ್ ಅವರ ಮನೆಯ ವಿಚಾರ, ಮನಸ್ಸಿನ ವಿಚಾರ ಎಲ್ಲ ನನ್ನ ವಾಟ್ಸ್ಯಾಪಿಗೂ ಬಂತು. ಅವರ ಇಳಿವಯಸ್ಸಿನ ತಂದೆ ಸುಪ್ರೀಂ ಕೋರ್ಟಿನ ಬಾಗಿಲಿಗೆ ಹೋದರು. ನವೆಂಬರಿನಲ್ಲಿ ನ್ಯಾಯಮೂರ್ತಿಗಳು ಆ ಹಿರಿಯರಿಗೆ, ನಿಮ್ಮ ಮಗನನ್ನು ಯಾರೂ ದೂರುವಂತಿಲ್ಲ, ಆ ಭಾರ ಹೊರಬೇಡಿ ಎಂಬರ್ಥದ ಮಾತು ಹೇಳಿದರು. ಪತ್ರಿಕೆಯಲ್ಲಿ ಅದನ್ನು ಓದುವಾಗ ನನಗೆ ನೆನಪಾದದ್ದು ನಮ್ಮ ಡ್ರೈವರನ ಅಪ್ಪ. ಕೇಸು ನಡೆಯುವಾಗ ಒಂದು ಸಲ ನಮ್ಮ ಮನೆಗೆ ಬಂದಿದ್ದ. ಕಟ್ಟೆಯ ಕೆಳಗೆ ನಿಂತು, ಪಟಕಾ ತೆಗೆದು ಕೈಯಲ್ಲಿ ಹಿಡಿದುಕೊಂಡು, “ನನ್ನ ಮಗಾ ತಪ್ಪ ಮಾಡ್ಯಾನ್ರಿ, ಹೊಟ್ಟ್ಯಾಗ ಹಾಕ್ಕೋರಿ” ಎಂದಿದ್ದ. ನಾನು ಹಾಕಿಕೊಂಡಿದ್ದೆ.

ಅವನು ಈಗ ಇಲ್ಲ.

ಡ್ರೈವರ್ ಊರಿಗೆ ಮರಳಿ ಮೂರು ವರ್ಷವಾಯಿತು. ಸೊಂಟ ಹೋಗಿದೆ, ಮಗನ ಮನೆಯಲ್ಲಿದ್ದಾನೆ. ಎದುರಿಗೆ ಸಿಕ್ಕಾಗಲೆಲ್ಲ ನಮಸ್ಕಾರ ಮಾಡುತ್ತಾನೆ. ಈ ಸಂಕ್ರಾಂತಿ ಮುಗಿದ ಮೇಲೆ ಒಂದು ಸಂಜೆ ಅವನ ಮನೆಗೆ ಹೋದೆ. ಗಾಬರಿಯಾಗಿ ಎದ್ದು, ಜಮಖಾನೆ ಹಾಸಿ ಕೂಡಿಸಿದ. ಚಹಾ ಬಂತು. ಮಳೆ, ಕಡಲೆ, ಮೊಮ್ಮಕ್ಕಳು, ಎಲ್ಲ ಮಾತು ಮುಗಿದವು. ಕೊನೆಗೆ ನಾನು, ಆ ದಿನದ ಬಗ್ಗೆ ಮಾತಾಡಬೇಕಪ್ಪಾ, ತಪ್ಪು ನನ್ನದಿತ್ತು ಎಂದೆ.

“ಬಿಡ್ರಿ ಗೌಡ್ರ. ತೂಕಡಿಸಿದಾಂವ ನಾನಽ ಅಲ್ರಿ?”

ತಡೆದು ತಡೆದು ಹೇಳಿದೆ. ನೀನು ಫೋನ್ ಮಾಡಿದ್ದೆ, ನಾನೇ ಹೋಗು ಎಂದಿದ್ದೆ, ಪೊಲೀಸರ ಮುಂದೆ ಇಲ್ಲ ಎಂದೆ. ರಾತ್ರಿ ಎಂಟು ತಾಸು ಕುಂಟಿ ಹೊಡೆದಿದ್ದೀ ಎಂದು ನನ್ನ ಕೈಯಾರೆ ಬರೆದ ಹಾಳೆಯನ್ನು ಹರಿದು ಒಲೆಗೆ ಹಾಕಿದೆ.

ಅವನು ಚಹಾದ ಬಸಿ ಕೆಳಗಿಟ್ಟ. ಬಹಳ ಹೊತ್ತು ಬಾಗಿಲಿನಾಚೆ ನೋಡಿದ. ಸಿಟ್ಟಿಗೇಳುತ್ತಾನೆಂದು ಕಾದೆ; ಎದ್ದರೆ ನನಗೂ ಹಗುರಾಗುತ್ತಿತ್ತು.

“ಎಂಟಲ್ರಿ,” ಎಂದ. “ಹೊತ್ತ ಮುಳಗೂದಕ್ಕ ಹೂಡಿದ್ದೆ. ಒಂಬತ್ತೂವರಿ.”